ವಾರಕ್ಕೊಂದೇ ವಿಷಯ: ದುಡಿಯುವವರು ಮನೆಯಲ್ಲೇ ಇಂಗ್ಲಿಷ್ ಕಲಿಯುವ ಕ್ರಮ

ಕನ್ನಡ ಮಾಧ್ಯಮದಲ್ಲಿ ಓದಿ ಕೆಲಸಕ್ಕೆ ಸೇರಿ, ಮೂವತ್ತೋ ನಲವತ್ತೋ ದಾಟಿದ ಮೇಲೆ ಮತ್ತೆ ಇಂಗ್ಲಿಷ್ ಹಿಡಿಯುವವರು ಸಾಮಾನ್ಯವಾಗಿ ಟೆನ್ಸ್‌ಗಳ ಕೋಷ್ಟಕದಿಂದ ಶುರು ಮಾಡುತ್ತಾರೆ. ಹನ್ನೆರಡೂ ಬಾಯಿಪಾಠವಾಗುತ್ತವೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ "ಯೆಸ್, ಟೆಲ್ ಮಿ" ಎಂದ ಕೂಡಲೇ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ವಯಸ್ಸೂ ಅಲ್ಲ. ಸೋಮವಾರ ಆಫೀಸ್ ಪತ್ರ, ಮಂಗಳವಾರ ಕ್ರಿಕೆಟ್ ವಿಡಿಯೊ, ಬುಧವಾರ ಯಾರೋ ಫಾರ್ವರ್ಡ್ ಮಾಡಿದ ನೂರು ಪದಗಳ ಪಟ್ಟಿ ಎಂದು ಹಾರುತ್ತಿದ್ದರೆ, ಒಂದು ಪದ ಎರಡನೆಯ ಸಲ ಕಿವಿಗೆ ಬೀಳುವ ಹೊತ್ತಿಗೆ ಮೊದಲ ಸಲದ್ದು ಅಳಿಸಿಹೋಗಿರುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದು ಇದನ್ನೇ: ಕಲಿತದ್ದು ಅತಿ ವೇಗವಾಗಿ ಮರೆಯುವುದು ಕಲಿತ ಮೊದಲ ದಿನದಲ್ಲೇ.

ಹಾಗಾಗಿ ಒಂದು ವಾರಕ್ಕೆ ಒಂದೇ ವಿಷಯ ಇಟ್ಟುಕೊಳ್ಳಿ. ಸೋಮವಾರ ಕೇಳಿದ್ದೇ ಬುಧವಾರ ಓದಿನಲ್ಲಿ ಬರಬೇಕು, ಗುರುವಾರ ಬಾಯಲ್ಲಿ ಬರಬೇಕು, ಶುಕ್ರವಾರ ಬರಹದಲ್ಲಿ ಬರಬೇಕು. "ಬ್ಯಾಲೆನ್ಸ್", "ಸ್ಟೇಟ್‌ಮೆಂಟ್", "ಡೆಬಿಟ್" ಎಂಬ ಪದಗಳನ್ನು ಯಾರೂ ಉರುಹೊಡೆಯಬೇಕಾಗಿಲ್ಲ. ಬ್ಯಾಂಕಿನ ವಾರದಲ್ಲಿ ಅವು ದಿನಾಲೂ ತಾವಾಗಿಯೇ ಎದುರಾಗುತ್ತವೆ.

ದಿನಕ್ಕೆ ಮೂವತ್ತೈದು ನಿಮಿಷ ಸಾಕು. ಅದರಲ್ಲಿ ಐದು ನಿಮಿಷ ಉಚ್ಚಾರಣೆಗೆ, ಐದು ನಿಮಿಷ ಹಿಂದಿನ ವಾರದ್ದನ್ನು ತಿರುವಿಹಾಕಲು, ಉಳಿದ ಇಪ್ಪತ್ತೈದು ಆ ದಿನದ ಕೆಲಸಕ್ಕೆ.

ವಿಷಯ ಎಷ್ಟು ಚಿಕ್ಕದಿರಬೇಕು

ಬಹುಪಾಲು ಜನ ಎಡವುವುದು ಇಲ್ಲೇ. "ಪರಿಸರ", "ಶಿಕ್ಷಣ", "ತಂತ್ರಜ್ಞಾನ" ಇವು ಪ್ರಬಂಧದ ವಿಷಯಗಳು. ಅವುಗಳ ಬಗ್ಗೆ ನೀವು ಕನ್ನಡದಲ್ಲೇ ವಾರಕ್ಕೆ ಎಷ್ಟು ಸಲ ಮಾತಾಡುತ್ತೀರಿ? "ಆಸ್ಪತ್ರೆ" ಎಂಬುದೂ ದೊಡ್ಡದೇ. "ಅಮ್ಮನ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗುವುದು" ಎಂದರೆ ಸರಿಯಾದ ಅಳತೆ. ಆಯ್ದುಕೊಂಡ ವಿಷಯದಲ್ಲಿ ಒಂದು ಜಾಗ, ಇಬ್ಬರು ಮನುಷ್ಯರು, ಮಾತಾಡಲೇಬೇಕಾದ ಒಂದು ಕಾರಣ ಇರಲಿ. ಎದುರಿನವರು ಕೇಳಬಹುದಾದ ಐದು ಪ್ರಶ್ನೆಗಳನ್ನು ಎರಡು ನಿಮಿಷದಲ್ಲಿ ಕನ್ನಡದಲ್ಲಿ ಬರೆಯಲು ಆಗದಿದ್ದರೆ ಆ ವಿಷಯ ಇನ್ನೂ ಅಗಲವಾಗಿದೆ ಎಂದರ್ಥ. ಇನ್ನಷ್ಟು ಕತ್ತರಿಸಿ.

ವಾರಕ್ಕೆ ಒಂದೇ ವ್ಯಾಕರಣದ ಅಂಶವನ್ನೂ ಜೊತೆಗಿಡಿ. ಅದನ್ನು ಪುಸ್ತಕದ ಕ್ರಮದಂತೆ ತೆಗೆದುಕೊಳ್ಳದೆ, ಆ ಸಂದರ್ಭಕ್ಕೆ ಯಾವುದು ಬೇಕೋ ಅದನ್ನು ಆಯ್ದುಕೊಳ್ಳಿ. ಬ್ಯಾಂಕಿಗೆ ವಿನಯದ ಕೋರಿಕೆ, ರೈಲಿಗೆ "ಆ್ಯಟ್, ಆನ್, ಇನ್", ಬಾಡಿಗೆ ಮನೆಗೆ "ದೇರ್ ಈಸ್, ದೇರ್ ಆರ್" ಮತ್ತು ಪ್ರಶ್ನೆ ಕೇಳುವ ರೀತಿ, ಸಂದರ್ಶನಕ್ಕೆ ಭೂತಕಾಲ.

ಭಾನುವಾರದ ಇಪ್ಪತ್ತು ನಿಮಿಷ

ವಾರದ ಸಾಮಗ್ರಿಯನ್ನೆಲ್ಲ ಭಾನುವಾರವೇ ಜೋಡಿಸಿಕೊಳ್ಳಬೇಕು. ದಿನಾ ರಾತ್ರಿ "ಇವತ್ತು ಏನು ಓದಲಿ" ಎಂದು ಯೂಟ್ಯೂಬ್ ತೆರೆದರೆ ಆ ಮೂವತ್ತೈದು ನಿಮಿಷ ಹುಡುಕುವುದರಲ್ಲೇ ಮುಗಿಯುತ್ತದೆ. ಬೇಕಾದದ್ದು ಇಷ್ಟು: ಒಂದರಿಂದ ಮೂರು ನಿಮಿಷದ ಒಂದು ಆಡಿಯೊ, ಅದರ ಬರಹರೂಪ, ಓದಲು ಒಂದೇ ಒಂದು ಪುಟ, ಮಂಗಳವಾರದ ಕಾರ್ಡುಗಳಿಗೆ ಹದಿನೈದು ವಾಕ್ಯಗಳು. ಆಡಿಯೊ ಜೊತೆ ಬರಹ ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ. ತಪ್ಪಾಗಿ ಕೇಳಿಸಿಕೊಂಡದ್ದು ತಪ್ಪೆಂದು ತಿಳಿಯಲು ಬೇರೆ ದಾರಿಯಿಲ್ಲ.

ಬಿಬಿಸಿ ಲರ್ನಿಂಗ್ ಇಂಗ್ಲಿಷ್, ಬ್ರಿಟಿಷ್ ಕೌನ್ಸಿಲಿನ ಲರ್ನ್‌ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಆಡಿಯೊ ಮತ್ತು ಬರಹ ಜೊತೆಯಾಗಿ ಸಿಗುತ್ತವೆ. ಬ್ರಿಟಿಷ್ ಕೌನ್ಸಿಲಿನದು ಎ1, ಎ2, ಬಿ1 ಎಂದು ಮಟ್ಟಗಳಾಗಿ ವಿಂಗಡಿಸಿರುತ್ತದೆ. ಇದು ಯುರೋಪಿನ ಭಾಷಾ ಮಟ್ಟಗಳ ಅಳತೆ. ಎ1 ತೀರಾ ಆರಂಭ, ಸಿ2 ತುದಿ. ಎಸ್ಸೆಸ್ಸೆಲ್ಸಿವರೆಗೆ ಇಂಗ್ಲಿಷನ್ನು ಒಂದು ವಿಷಯವಾಗಿ ಓದಿ ಆಮೇಲೆ ಕೈಬಿಟ್ಟವರು ಎ2ರಿಂದ ಶುರು ಮಾಡಿ ನೋಡಿ. ಬರಹ ನೋಡದೆ ಕೇಳಿದಾಗ ಹತ್ತು ವಾಕ್ಯದಲ್ಲಿ ಐದಾರರ ತಿರುಳೂ ಸಿಗದಿದ್ದರೆ ಎ1ಕ್ಕೆ ಇಳಿಯಿರಿ. ಇಳಿಯುವುದಕ್ಕೆ ಸಂಕೋಚ ಬೇಡ.

ಆದರೆ ನಮಗೆ ನಿಜವಾಗಿ ಹೆಚ್ಚು ಉಪಯೋಗಕ್ಕೆ ಬರುವುದು ನಮ್ಮ ಸುತ್ತಲೇ ಇರುವ ಜೋಡಿ ಪಠ್ಯಗಳು. ಒಂದೇ ಮಾತು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪಾಠವಿದೆ. ರೈಲು ನಿಲ್ದಾಣದ ಘೋಷಣೆ, ನಮ್ಮ ಮೆಟ್ರೊದ "ಮುಂದಿನ ನಿಲ್ದಾಣ", ಬ್ಯಾಂಕಿನ ಹಣ ಕಟ್ಟುವ ಚಲನ್, ಕಸ್ಟಮರ್ ಕೇರಿನ ಧ್ವನಿಮುದ್ರಿತ ಸೂಚನೆಗಳು ಎಲ್ಲವೂ ಹಾಗೆಯೇ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ 1948ರಲ್ಲಿ ಒಂದೇ ಸಂಸ್ಥೆಯಿಂದ ಹುಟ್ಟಿದ ಪತ್ರಿಕೆಗಳು. ಊರಿನ ಒಂದು ಸುದ್ದಿಯನ್ನು ಬೆಳಿಗ್ಗೆ ಕನ್ನಡದಲ್ಲಿ ಓದಿ, ಸಂಜೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿದರೆ ಅರ್ಧ ಅರ್ಥ ಮೊದಲೇ ಗೊತ್ತಿರುತ್ತದೆ. ಇನ್ನೂ ಸುಲಭವಾದದ್ದು ಬೇಕಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ನಾಲ್ಕನೆಯ ತರಗತಿಯ ಪರಿಸರ ಅಧ್ಯಯನ ಎರಡೂ ಮಾಧ್ಯಮದಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಪಾಠದ ಸಂಖ್ಯೆ ಹೊಂದಿಸಿಕೊಂಡು ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮಕ್ಕಳ ಪುಸ್ತಕ ಎಂದು ಹಿಂಜರಿಯಬೇಡಿ; ಅದರ ವಾಕ್ಯಗಳು ಚಿಕ್ಕವು, ಶುದ್ಧವಾದವು, ದಿನಬಳಕೆಯವು.

ಆರು ದಿನದ ಕೆಲಸ

ಸೋಮವಾರ ಕಿವಿಗೆ. ಆಡಿಯೊವನ್ನು ಮೊದಲ ಸಲ ಬರಹ ನೋಡದೆ ಕೇಳಿ, ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂಬಷ್ಟೇ ಗಮನಿಸಿ. ಎರಡನೆಯ ಸಲ ಕಿವಿಗೆ ಬಿದ್ದ ಪದಗಳನ್ನು ಗೀಚಿಕೊಳ್ಳಿ. ಮೂರನೆಯ ಸಲ ಬರಹದ ಮೇಲೆ ಬೆರಳಿಟ್ಟು ಕೇಳಿ. ಆಮೇಲೆ ಐದಾರು ವಾಕ್ಯಗಳನ್ನು ಉಕ್ತಲೇಖನ ಮಾಡಿ: ಒಂದು ವಾಕ್ಯ ಕೇಳುವುದು, ನಿಲ್ಲಿಸುವುದು, ಬರೆಯುವುದು, ಹೋಲಿಸುವುದು. ವೇಗ ಹೆಚ್ಚೆನಿಸಿದರೆ 0.75ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ, ಧ್ವನಿ ಎಳೆದಂತಾಗಿ ಪದಗಳ ಆಕಾರವೇ ಕೆಡುತ್ತದೆ.

ಉಕ್ತಲೇಖನದಲ್ಲಿ ತಪ್ಪಿದ ಜಾಗಗಳನ್ನು ಸುಮ್ಮನೆ ತಿದ್ದಬೇಡಿ, ಯಾಕೆ ತಪ್ಪಿತು ಎಂದು ನೋಡಿ. ಪದವೇ ಗೊತ್ತಿಲ್ಲದ್ದು ಒಂದು ಬಗೆ. ಪದ ಗೊತ್ತಿದ್ದೂ ಕೂಡಿಕೊಂಡು ಬಂದಾಗ ಗುರುತು ಸಿಗದ್ದು ಇನ್ನೊಂದು ಬಗೆ: "ವುಡ್ ಯು" ಎಂಬುದು "ವುಜು" ಆಗಿ, "ಗಿವ್ ಹಿಮ್" ಎಂಬುದು "ಗಿವಿಮ್" ಆಗಿ ಕೇಳಿಸುತ್ತದೆ. "ಅ", "ಆಫ್", "ಟು", ಕ್ರಿಯಾಪದದ ಕೊನೆಯ "ಡ್" ಇಂಥ ಚಿಕ್ಕವು ಕೇಳಿಸದೇ ಹೋಗುವುದು ಮೂರನೆಯದು. ಕನ್ನಡಿಗರಿಗೆ ಎರಡನೆಯದೂ ಮೂರನೆಯದೂ ಹೆಚ್ಚು ಕಾಡುತ್ತವೆ. ನಮ್ಮ ಮಾತಿನಲ್ಲಿ ಹೆಚ್ಚುಕಡಿಮೆ ಪ್ರತಿ ಅಕ್ಷರಕ್ಕೂ ಅದರದರ ಕಾಲ ಸಿಗುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಭಾಗ ಮಾತ್ರ ನಿಚ್ಚಳ, ಉಳಿದದ್ದನ್ನು ನುಂಗಿಬಿಡುತ್ತಾರೆ. ಹೀಗೆ ಕೂಡಿಬರುವ ಜೋಡಿಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಟ್ಟು, ಕೂಡಿಸಿಯೇ ಹೇಳಿ ರೂಢಿಸಿ.

ಮಂಗಳವಾರ ಕಾರ್ಡುಗಳು. ವಿಸಿಟಿಂಗ್ ಕಾರ್ಡಿನಷ್ಟು ದೊಡ್ಡ ರಟ್ಟಿನ ಚೂರುಗಳು ಸಾಕು. ಒಂದು ಬದಿಗೆ ಬಿಡಿಪದ, ಇನ್ನೊಂದು ಬದಿಗೆ ಅರ್ಥ ಎಂದು ಬರೆಯುವುದು ಎಲ್ಲರ ರೂಢಿ. ಅದರಿಂದ ಪದ ಗೊತ್ತಾಗುತ್ತದೆ, ವಾಕ್ಯ ಹುಟ್ಟುವುದಿಲ್ಲ. ಒಂದು ಬದಿಗೆ ಸಂದರ್ಭವನ್ನು ಕನ್ನಡದಲ್ಲಿ ಬರೆಯಿರಿ: "ಖಾತೆಯಿಂದ ಹಣ ಹೋಗಿದೆ, ಎಟಿಎಂನಿಂದ ನೋಟು ಬರಲಿಲ್ಲ." ಹಿಂದೆ ಪೂರ್ತಿ ವಾಕ್ಯ: "ದಿ ಅಮೌಂಟ್ ವಾಸ್ ಡೆಬಿಟೆಡ್, ಬಟ್ ಐ ಡಿಡಂಟ್ ಗೆಟ್ ದ ಕ್ಯಾಶ್." ಬಾಯಿಬಿಟ್ಟು ಹೇಳಿದ ಮೇಲಷ್ಟೇ ಕಾರ್ಡು ತಿರುಗಿಸಬೇಕು. ಸರಿ ಬಂದದ್ದು ಎರಡನೆಯ ಗುಂಪಿಗೆ, ಮತ್ತೆ ಸರಿ ಬಂದರೆ ಮೂರನೆಯದಕ್ಕೆ. ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ. ಮೊದಲ ಗುಂಪು ದಿನಾಲೂ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಬರಹಗಾರ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿಯ ಸರಳ ರೂಪ ಇದು. ವಾರಕ್ಕೆ ಹದಿನೈದು ಕಾರ್ಡು ಮೀರಬೇಡಿ. ಐವತ್ತು ಬರೆದವರು ಮೂರನೆಯ ವಾರದಲ್ಲಿ ಕಟ್ಟಿನ ದಪ್ಪ ನೋಡಿಯೇ ಕೈಬಿಡುತ್ತಾರೆ.

ಬುಧವಾರ ಒಂದು ಪುಟದ ಓದು, ಎರಡು ಸಲ ಗಟ್ಟಿಯಾಗಿ. ಗೆರೆ ಎಳೆಯುವುದು ಕಠಿಣ ಪದಕ್ಕಲ್ಲ, ಜೊತೆಯಾಗಿ ಬರುವ ಪದಗಳಿಗೆ: "ಓಪನ್ ಆ್ಯನ್ ಅಕೌಂಟ್", "ಫಿಲ್ ಇನ್ ದ ಫಾರ್ಮ್". ಓದಿ ಮುಗಿಸಿ ಅದರಲ್ಲಿ ಆರು ವಾಕ್ಯಗಳನ್ನು ಆರಿಸಿ ಕನ್ನಡಕ್ಕೆ ಮಾಡಿ, ಬೇರೆ ಹಾಳೆಯಲ್ಲಿ ಬರೆದಿಡಿ. ಅದು ಶುಕ್ರವಾರಕ್ಕೆ ಬೇಕು.

ಗುರುವಾರ ಮಾತು. ಭಾಷಾಬೋಧನೆಯಲ್ಲಿ ನಾಲ್ಕು-ಮೂರು-ಎರಡು ಎಂಬ ಹಳೆಯ ಅಭ್ಯಾಸವೊಂದಿದೆ: ಒಂದೇ ಸಂಗತಿಯನ್ನು ನಾಲ್ಕು ನಿಮಿಷದಲ್ಲಿ, ಮತ್ತೆ ಮೂರರಲ್ಲಿ, ಮತ್ತೆ ಎರಡರಲ್ಲಿ ಹೇಳುವುದು. ಒಬ್ಬರೇ ಕಲಿಯುವವರಿಗೆ ನಾಲ್ಕು ನಿಮಿಷ ದೀರ್ಘವಾಯಿತು, ಎರಡು, ಒಂದೂವರೆ, ಒಂದು ಸಾಕು. ಮೊದಲ ಸಲ ಪದ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಮೂರನೆಯ ಸಲಕ್ಕೆ ಪದಗಳು ಗುಂಪಾಗಿ ಬರತೊಡಗುತ್ತವೆ, ಯಾಕೆಂದರೆ ಬಿಡಿಬಿಡಿಯಾಗಿ ಜೋಡಿಸಲು ಸಮಯವೇ ಇಲ್ಲ. ಬರೆದುಕೊಂಡು ಓದಬಾರದು, ಐದು ಸುಳಿವು ಪದ ಮಾತ್ರ ಎದುರಿಗಿರಲಿ. ಮೂರನೆಯದನ್ನು ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಎರಡೇ ಎರಡು ತಪ್ಪು ಆರಿಸಿ ತಿದ್ದಿಕೊಳ್ಳಿ. ಹತ್ತು ತಪ್ಪು ಹಿಡಿದರೆ ಮುಂದಿನ ಗುರುವಾರ ರೆಕಾರ್ಡರ್ ಮುಟ್ಟಲು ಮನಸ್ಸೇ ಬರುವುದಿಲ್ಲ.

ಶುಕ್ರವಾರದ ಬರವಣಿಗೆ ಎರಡು ತುಂಡು. ಮೊದಲನೆಯದು ಬುಧವಾರದ ಆ ಆರು ಕನ್ನಡ ವಾಕ್ಯಗಳನ್ನು ಮೂಲ ನೋಡದೆ ಮತ್ತೆ ಇಂಗ್ಲಿಷಿಗೆ ತರುವುದು, ಆಮೇಲೆ ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸುವುದು. ಇಡೀ ವಾರದಲ್ಲಿ ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ ಎನ್ನುತ್ತೇನೆ. ಕನ್ನಡದಲ್ಲಿ "ಅ", "ದ" ಎಂಬ ಆರ್ಟಿಕಲ್‌ಗಳೇ ಇಲ್ಲ, ಹಾಗಾಗಿ ಅವು ಎಲ್ಲಿ ತಪ್ಪುತ್ತಿವೆ ಎಂಬುದು ನಮಗೆ ಕಾಣುವುದೂ ಇಲ್ಲ. ನಿಯಮ ಓದಿದರೆ ಪುಟಗಟ್ಟಲೆ ಇದೆ. ಮೂಲದ ಪಕ್ಕ ನಿಮ್ಮ ವಾಕ್ಯವಿಟ್ಟಾಗ "ಐ ವೆಂಟ್ ಟು ಬ್ಯಾಂಕ್" ಎಂದು ಬರೆದದ್ದರಲ್ಲಿ "ದ" ಬಿಟ್ಟುಹೋದದ್ದು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. "ಡಿಸ್ಕಸ್ ಅಬೌಟ್" ಎಂದು ಬರೆಯುವ ರೂಢಿ, ಅಲ್ಲಿ "ಅಬೌಟ್" ಬೇಕಿಲ್ಲ ಎಂಬುದು, ಇವೆಲ್ಲ ಹೀಗೆ ಹೋಲಿಸಿದಾಗಲೇ ಹೊರಬರುತ್ತವೆ. ವಿಷಯ ಗೊತ್ತಿದ್ದು ಪದಗಳು ಮಸುಕಾಗಲು ಎರಡು ದಿನದ ಅಂತರ ಬೇಕು. ಅದೇ ದಿನ ಮಾಡಿದರೆ ನೆನಪಿನಿಂದ ನಕಲು ಮಾಡಿದಂತಾಗುತ್ತದೆ. ಎರಡನೆಯ ತುಂಡು, ವಾರದ ವಿಷಯದ ಮೇಲೆ ಎಂಬತ್ತು ಪದದ ಒಂದು ಮೆಸೇಜು ಅಥವಾ ಇಮೇಲ್.

ಶನಿವಾರ ಬಳಕೆ. ಕಸ್ಟಮರ್ ಕೇರಿಗೆ ಕರೆ ಮಾಡಿ ಇಂಗ್ಲಿಷ್ ಆರಿಸುವುದು, ಔಷಧಿ ಅಂಗಡಿಯಲ್ಲಿ ಒಂದು ಪ್ರಶ್ನೆ, ಆಫೀಸಿನಲ್ಲಿ ಒಂದು ಇಮೇಲ್. ಎದುರಿಗೆ ಯಾರೂ ಸಿಗದ ಊರಾದರೆ ಮನೆಯವರನ್ನು ಕೂರಿಸಿಕೊಂಡು, ವಿಷಯ ಆಯ್ದುಕೊಳ್ಳುವಾಗ ಬರೆದ ಐದು ಪ್ರಶ್ನೆಗಳನ್ನು ಹಿಂದುಮುಂದಾಗಿ ಕೇಳಲು ಹೇಳಿ.

ಮೊದಲ ವಾರ ಅಂಕಿ ಮತ್ತು ಹೆಸರು

"ಐ ಆ್ಯಮ್ ಫ್ರಮ್ ತುಮಕೂರು" ಎಂಬ ಪರಿಚಯದಿಂದ ಶುರು ಮಾಡುವ ಬದಲು ಅಂಕಿಗಳಿಂದ ಶುರು ಮಾಡಿ. ಫೋನಿನಲ್ಲಾಗಲಿ ಕೌಂಟರಿನಲ್ಲಾಗಲಿ ಮೊದಲು ಕೇಳುವುದು ಅವನ್ನೇ, ಮೊದಲು ತಪ್ಪುವುದೂ ಅಲ್ಲೇ. ಮೊಬೈಲ್ ಹತ್ತು ಅಂಕಿ, ಪಿನ್ ಕೋಡ್ ಆರು, ರೈಲಿನ ಪಿಎನ್‌ಆರ್ ಹತ್ತು, ಐಎಫ್‌ಎಸ್‌ಸಿ ಹನ್ನೊಂದು ಅಕ್ಷರ (ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ). ಆಧಾರ್ ಹನ್ನೆರಡು, ನಾಲ್ಕು ನಾಲ್ಕಾಗಿ ಬಿಡಿಸಿ ಹೇಳುವುದು. ಅಭ್ಯಾಸಕ್ಕೆ ನಿಮ್ಮ ನಿಜವಾದ ಆಧಾರ್, ಖಾತೆ ಸಂಖ್ಯೆಗಳನ್ನು ಬಳಸಬೇಡಿ, ಸುಮ್ಮನೆ ಅಂಕಿ ಬರೆದುಕೊಳ್ಳಿ. ರೆಕಾರ್ಡಿಂಗ್, ಚಾಟ್ ಆ್ಯಪ್‌ಗಳಲ್ಲಂತೂ ಬೇಡವೇ ಬೇಡ.

"ಥರ್ಟೀನ್" ಮತ್ತು "ಥರ್ಟಿ" ಬೇರೆಯಾಗಿ ಕೇಳಿಸಬೇಕಾದರೆ ಮೊದಲನೆಯದರಲ್ಲಿ ಒತ್ತು ಕೊನೆಗೆ, ಎರಡನೆಯದರಲ್ಲಿ ಮೊದಲಿಗೆ. ಹದಿಮೂರರಿಂದ ಹತ್ತೊಂಬತ್ತರವರೆಗೆ ಏಳೂ ಜೋಡಿಗಳನ್ನು ಹೀಗೆ ಹೇಳಿ ರೆಕಾರ್ಡ್ ಮಾಡಿ, ಮಾರನೆಯ ದಿನ ಕೇಳಿ ಬರೆಯಿರಿ. ನಿಮ್ಮದೇ ದನಿ ನಿಮಗೇ ತಪ್ಪಾಗಿ ಕೇಳಿಸಿದರೆ ಬೇರೆಯವರಿಗೂ ಹಾಗೆಯೇ ಕೇಳಿಸುತ್ತಿದೆ. ಹೆಸರಿನ ಅಕ್ಷರ ಬಿಡಿಸಿ ಹೇಳುವಾಗ ಎಂ-ಎನ್, ಬಿ-ಪಿ-ಡಿ-ಟಿ ಫೋನಿನಲ್ಲಿ ಕಲಸಿಹೋಗುತ್ತವೆ. "ಎಂ ಫಾರ್ ಮೈಸೂರು, ಎನ್ ಫಾರ್ ನಾಗಪುರ" ಎಂದು ನಿಮ್ಮ ಹೆಸರಿಗೂ ವಿಳಾಸಕ್ಕೂ ಬೇಕಾದ ಊರುಗಳನ್ನು ಮೊದಲೇ ಗೊತ್ತುಮಾಡಿಕೊಂಡಿರಿ.

ಡಾಕ್ಟರ ಹತ್ತಿರ ಹೋಗುವ ವಾರ

ಕನ್ನಡಿಗರಿಗೆ ಅತಿ ಹೆಚ್ಚು ಕೊಡುವ ವಾರ ಇದು. ನಾವು "ನನಗೆ" ಎಂದು ಶುರು ಮಾಡುವ ಬಹುತೇಕ ವಾಕ್ಯಗಳು ಇಂಗ್ಲಿಷಿನಲ್ಲಿ "ಐ" ಎಂದು ಶುರುವಾಗುತ್ತವೆ. ನನಗೆ ಜ್ವರ ಬಂದಿದೆ, ನನಗೆ ಹಸಿವಾಗುತ್ತಿಲ್ಲ, ನನಗೆ ಗೊತ್ತಿಲ್ಲ, ನನಗೆ ಬೇಕು, ನನಗೆ ತಲೆ ಸುತ್ತುತ್ತಿದೆ. "ಐ ಹ್ಯಾವ್ ಅ ಫೀವರ್", "ಐ ಡೋಂಟ್ ಫೀಲ್ ಹಂಗ್ರಿ", "ಐ ಡೋಂಟ್ ನೋ", "ಐ ನೀಡ್", "ಐ ಫೀಲ್ ಡಿಜ಼ಿ". ಇಂಥ ಹನ್ನೆರಡು ಜೋಡಿಗಳನ್ನು ಸೋಮವಾರವೇ ಕಾರ್ಡು ಮಾಡಿದರೆ "ಫೀವರ್ ಈಸ್ ಕಮಿಂಗ್ ಟು ಮಿ" ಎಂಬುದು ವಾರದೊಳಗೆ ಬಿಟ್ಟುಹೋಗುತ್ತದೆ. ಇಲ್ಲಿ "ಐ ಆ್ಯಮ್ ಹ್ಯಾವಿಂಗ್ ಫೀವರ್" ಎನ್ನುವ ರೂಢಿಯೂ ಬಹಳ. "ಐ ಹ್ಯಾವ್" ಸಾಕು.

"ಮೂರು ದಿನದಿಂದ", "ಸೋಮವಾರದಿಂದ" ಎರಡಕ್ಕೂ ನಮ್ಮಲ್ಲಿ ಒಂದೇ "ಇಂದ". ಇಂಗ್ಲಿಷಿನಲ್ಲಿ ಅವಧಿಗೆ "ಫಾರ್ ಥ್ರೀ ಡೇಸ್", ಶುರುವಾದ ಹೊತ್ತಿಗೆ "ಸಿನ್ಸ್ ಮಂಡೇ". ಎರಡೂ ವಾಕ್ಯ ಶುರುವಾಗುವುದು "ಐ ಹ್ಯಾವ್ ಹ್ಯಾಡ್" ಎಂದು. ಈ ವಾರದ ವ್ಯಾಕರಣ ಇಷ್ಟೇ.

ನೋವಿನ ಬಗೆಗಳನ್ನು ನಾವು ಕನ್ನಡದಲ್ಲಿ ಎಷ್ಟು ನಿಖರವಾಗಿ ಹೇಳುತ್ತೇವೆ! ಇಂಗ್ಲಿಷಿಗೆ ಹೊರಳಿದ ಕೂಡಲೇ ಎಲ್ಲವೂ "ಪೇನ್" ಆಗಿಬಿಡುತ್ತದೆ, ಡಾಕ್ಟರಿಗೆ ಬೇಕಾದ ಮಾಹಿತಿಯೇ ಕಳೆದುಹೋಗುತ್ತದೆ. ಚಳುಕಿಗೆ "ಶಾರ್ಪ್ ಪೇನ್", ಉರಿಗೆ "ಬರ್ನಿಂಗ್", ಸ್ನಾಯು ಸೆಳೆತಕ್ಕೆ "ಕ್ರ್ಯಾಂಪ್", ಜುಮ್ಮೆನ್ನುವುದಕ್ಕೆ "ಟಿಂಗ್ಲಿಂಗ್", ಮರಗಟ್ಟಿದ್ದಕ್ಕೆ "ನಂಬ್‌ನೆಸ್", ಊತಕ್ಕೆ "ಸ್ವೆಲಿಂಗ್". ಜೊತೆಗೆ ಯಾವಾಗ ಹೆಚ್ಚು ಎಂದು ಹೇಳುವ ಒಂದು ಚೌಕಟ್ಟು: "ಇಟ್ ಗೆಟ್ಸ್ ವರ್ಸ್ ವೆನ್ ಐ ಕ್ಲೈಮ್ ಸ್ಟೇರ್ಸ್." ಕೊನೆಯ ಎರಡು ಪದ ಬದಲಾಯಿಸುತ್ತಾ ಹತ್ತು ವಾಕ್ಯ ಮಾಡಿ.

"ಹೌದು", "ಇಲ್ಲ" ಎಂಬುದರಲ್ಲಿ ನಿಜವಾದ ಅಪಾಯವೇ ಇದೆ. "ಯು ಆರ್ ನಾಟ್ ಅಲರ್ಜಿಕ್ ಟು ಎನಿ ಮೆಡಿಸಿನ್?" ಎಂದು ಕೇಳಿದರೆ ನಾವು "ಹೌದು, ಇಲ್ಲ" ಎನ್ನುವ ಮನಸ್ಸಿನಲ್ಲಿ "ಯೆಸ್" ಎಂದುಬಿಡುತ್ತೇವೆ, ಕೇಳಿದವರು ಅಲರ್ಜಿ ಇದೆ ಎಂದು ತಿಳಿಯಬಹುದು. ಇಂಥ ಪ್ರಶ್ನೆಗೆ ಒಂದೇ ಪದದ ಉತ್ತರ ಬೇಡ. "ನೋ, ಐ ಡೋಂಟ್ ಹ್ಯಾವ್ ಎನಿ ಅಲರ್ಜೀಸ್" ಎಂದು ಪೂರ್ತಿ ವಾಕ್ಯ ಹೇಳುವುದನ್ನೇ ರೂಢಿಸಿ.

ಓದಿಗೆ ಮನೆಯಲ್ಲಿರುವ ಹಳೆಯ ಔಷಧಿ ಚೀಟಿಗಳು ಸಾಕು. ಚೀಟಿಯಲ್ಲಿ 1-0-1 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಅದನ್ನು "ಟೇಕ್ ಒನ್ ಟ್ಯಾಬ್ಲೆಟ್ ಇನ್ ದ ಮಾರ್ನಿಂಗ್ ಆ್ಯಂಡ್ ಒನ್ ಆ್ಯಟ್ ನೈಟ್, ಆಫ್ಟರ್ ಫುಡ್, ಫಾರ್ ಫೈವ್ ಡೇಸ್" ಎಂದು ಬಿಡಿಸಿ ಹೇಳುವುದು ಒಳ್ಳೆಯ ಅಭ್ಯಾಸ. "ಇನ್ ದ ಮಾರ್ನಿಂಗ್" ಆದರೂ "ಆ್ಯಟ್ ನೈಟ್" ಎಂಬುದನ್ನು ಗಮನಿಸಿ.

ಬ್ಯಾಂಕು, ರೈಲು, ವಿಮಾನ

ಬ್ಯಾಂಕಿನ ವಾರಕ್ಕೆ "ಐ ವಾಂಟ್" ಬದಲು "ಐ'ಡ್ ಲೈಕ್ ಟು", "ಗಿವ್ ಮಿ" ಬದಲು "ಕುಡ್ ಯು ಪ್ಲೀಸ್". ಕನ್ನಡದಲ್ಲಿ "ಕೊಡಿ" ಎಂಬ ಬಹುವಚನವೇ ಗೌರವ ತರುತ್ತದೆ, ಇಂಗ್ಲಿಷಿನ ಕ್ರಿಯಾಪದಕ್ಕೆ ಅಂಥ ರೂಪ ಇಲ್ಲದ್ದರಿಂದ ವಿನಯವನ್ನು ಬೇರೆ ಪದಗಳಿಂದ ತರಬೇಕು. ಬರವಣಿಗೆಗೆ ಎಟಿಎಂ ದೂರು ತೆಗೆದುಕೊಳ್ಳಿ. ನೋಟು ಬರದೆ ಖಾತೆಯಿಂದ ಹಣ ಕಡಿತವಾದರೆ ಐದು ದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಹೇಳಿದೆ. ದಿನಾಂಕ, ಸಮಯ, ಜಾಗ, ಮೊತ್ತ, ಕೋರಿಕೆ ಐದೂ ಬರುವಂತೆ ಎಂಬತ್ತು ಪದದಲ್ಲಿ ಬರೆದಿಟ್ಟರೆ ಮುಂದೆಂದೋ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ರೈಲಿನ ವಾರದ ಆಡಿಯೊ ನಿಲ್ದಾಣದಲ್ಲೇ ಇದೆ. ಘೋಷಣೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಐದಂಕಿಯ ರೈಲು ಸಂಖ್ಯೆಯನ್ನು ಒಂದೊಂದಾಗಿ ಹೇಳುತ್ತಾರೆ: ಹಂಪಿ ಎಕ್ಸ್‌ಪ್ರೆಸ್ 16591 ಎಂದರೆ "ಒನ್ ಸಿಕ್ಸ್ ಫೈವ್ ನೈನ್ ಒನ್". "ಆ್ಯಟ್ ಟೆನ್ ಫಾರ್ಟಿ", "ಆನ್ ಪ್ಲಾಟ್‌ಫಾರ್ಮ್ ತ್ರೀ", "ಇನ್ ಕೋಚ್ ಎಸ್ ಫೈವ್", "ಆನ್ ಮಂಡೇ": ಟಿಕೆಟ್ ಕೈಯಲ್ಲಿ ಹಿಡಿದು ಅದರಲ್ಲಿರುವುದನ್ನೆಲ್ಲ ವಾಕ್ಯ ಮಾಡಿ ಹೇಳಿ. ಹೊರದೇಶದಲ್ಲಿರುವ ಮಕ್ಕಳ ಮನೆಗೆ ಮೊದಲ ಸಲ ಹೊರಟ ತಂದೆತಾಯಿಗಳಿಗೆ ವಲಸೆ ಕೌಂಟರಿನ ವಾರ ಬೇರೆಯೇ ಇರಲಿ. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಯಾರ ಮನೆಯಲ್ಲಿ, ವಾಪಸ್ ಟಿಕೆಟ್ ಇದೆಯೇ, ಊಟದ ಪದಾರ್ಥ ತಂದಿದ್ದೀರಾ. ಕೊನೆಯದಕ್ಕೆ ಉಪ್ಪಿನಕಾಯಿ, ಸಾಂಬಾರ್ ಪುಡಿ, ಚಟ್ನಿಪುಡಿ ಏನೆಂದು ಚಿಕ್ಕ ವಾಕ್ಯದಲ್ಲಿ ವಿವರಿಸಲು ಬರಬೇಕು, ಇದ್ದದ್ದನ್ನು ಇದ್ದಂತೆಯೇ ಹೇಳಬೇಕು.

ದಿನಕ್ಕೆ ಐದು ನಿಮಿಷದ ಉಚ್ಚಾರಣೆ

ಎಲ್ಲ ಧ್ವನಿಗಳನ್ನೂ ತಿದ್ದಲು ಹೊರಡಬೇಡಿ. ಅರ್ಥ ಕೆಡಿಸುವ ನಾಲ್ಕೈದು ಸಾಕು. ಕನ್ನಡದಲ್ಲಿ ಪದದ ಮೊದಲಿನ "ಎ", "ಇ"ಗಳಿಗೆ ಮೆಲ್ಲಗೆ "ಯ" ಸೇರುತ್ತದೆ, "ಎಲ್ಲಿ" ಎಂಬುದು ಬಾಯಲ್ಲಿ "ಯೆಲ್ಲಿ". ಅದೇ ಅಭ್ಯಾಸದಲ್ಲಿ ಕಿವಿಯ "ಇಯರ್" ವರ್ಷದ "ಯಿಯರ್" ಆಗುತ್ತದೆ. "ವೆಸ್ಟ್" ಎಂಬುದರಲ್ಲಿ ಎರಡು ಪದಗಳಿವೆ: ಪಶ್ಚಿಮದ್ದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ತಾಗಬಾರದು, ಬನಿಯನ್ನಿನದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಕನ್ನಡಿ ಎದುರು ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಬಸ್ಸು, ಕಾರು, ಬ್ಯಾಂಕು ಎಂದು ಕೊನೆಗೆ "ಉ" ಸೇರಿಸುವುದು ನಮ್ಮ ಭಾಷೆಯ ಸಹಜ ಗುಣ, ಇಂಗ್ಲಿಷ್ ವಾಕ್ಯದಲ್ಲಿ ಅದನ್ನು ಬಿಡಬೇಕು.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬೇಡಿ ಎಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲ ಎರಡು ತಿಂಗಳು ಬರೆದುಕೊಳ್ಳಿ, ಆದರೆ ಫ಼, ಜ಼ ಎಂದು ಚುಕ್ಕೆಯಿಟ್ಟು, ಒತ್ತು ಬೀಳುವ ಭಾಗಕ್ಕೆ ಅಡಿಗೆರೆ ಎಳೆದು ಬರೆಯಿರಿ. "ಹೊಟೆಲ್", "ಡಿವೆಲಪ್" ಎರಡರಲ್ಲೂ ಒತ್ತು ಎರಡನೆಯ ಭಾಗಕ್ಕೆ. "ಫ಼ೋಟೊಗ್ರಾಫ಼್" ಎಂಬುದರಲ್ಲಿ ಮೊದಲನೆಯದಕ್ಕೆ, "ಫ಼ೊಟಾಗ್ರಫ಼ಿ"ಯಲ್ಲಿ ಎರಡನೆಯದಕ್ಕೆ.

ಫೋನಿನ ವಾಯ್ಸ್ ಟೈಪಿಂಗ್ ಉಚ್ಚಾರಣೆಯ ಪರೀಕ್ಷಕನಾಗಿ ಕೆಲಸ ಮಾಡುತ್ತದೆ. ಕೀಬೋರ್ಡ್ ಭಾಷೆಯನ್ನು ಇಂಗ್ಲಿಷ್ (ಭಾರತ) ಎಂದಿಟ್ಟು ಹೇಳಿ, ಏನು ಟೈಪಾಯಿತು ನೋಡಿ. ಪೂರ್ತಿ ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ತಾನೇ ಸರಿಪಡಿಸಿಬಿಡುತ್ತದೆ, ನಿಮ್ಮ ತಪ್ಪು ಮುಚ್ಚಿಹೋಗುತ್ತದೆ. ಹಾಗಾಗಿ ಬಿಡಿಪದಗಳನ್ನೇ ಹೇಳಿ ನೋಡಬೇಕು.

ಚಾಟ್‌ಜಿಪಿಟಿ, ಜೆಮಿನಿಯಂಥವನ್ನು ಶನಿವಾರದ ಜೊತೆಗಾರರನ್ನಾಗಿ ಬಳಸಬಹುದು. ಸೂಚನೆಯನ್ನು ಕನ್ನಡದಲ್ಲೇ ಕೊಡಿ: "ನೀನು ಬ್ಯಾಂಕ್ ಗುಮಾಸ್ತ. ಸರಳ ಇಂಗ್ಲಿಷಿನಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳು. ನಡುವೆ ತಿದ್ದಬೇಡ. ಹತ್ತು ಪ್ರಶ್ನೆ ಆದಮೇಲೆ ನನ್ನ ಮುಖ್ಯವಾದ ಮೂರು ತಪ್ಪುಗಳನ್ನು ಮಾತ್ರ ಕನ್ನಡದಲ್ಲಿ ವಿವರಿಸು." ಹೀಗೆ ಕಟ್ಟು ಹಾಕದಿದ್ದರೆ ಅದು ಎಲ್ಲದಕ್ಕೂ ಭೇಷ್ ಎನ್ನುತ್ತದೆ, ಇಲ್ಲವೇ ನಿಮ್ಮ ವಾಕ್ಯವನ್ನು ನಿಮಗೇ ಹೇಳಲು ಬಾರದಷ್ಟು ಅಲಂಕಾರ ಮಾಡಿ ಕೊಡುತ್ತದೆ. ಶುಕ್ರವಾರದ ಬರಹವನ್ನು ನೀವು ಬರೆಯುವ ಮೊದಲು ಅದರ ಕೈಗೆ ಕೊಡಲೇಬೇಡಿ.

ನಾಲ್ಕನೆಯ ವಾರ

ಮೂರು ವಿಷಯ ಆದಮೇಲೆ ನಾಲ್ಕನೆಯ ವಾರಕ್ಕೆ ಹೊಸದೇನೂ ಬೇಡ. ನಲವತ್ತೈದು ಕಾರ್ಡುಗಳು, ಮೂರು ಆಡಿಯೊ, ಮೂರು ಬರಹ ಅಷ್ಟೇ. ಗುರುವಾರ ಮೊದಲ ವಿಷಯದ ಬಗ್ಗೆ ಮತ್ತೆ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಹಳೆಯದರ ಪಕ್ಕ ಇಟ್ಟು ಕೇಳಿ. ಮೂರು ಸೆಕೆಂಡಿಗಿಂತ ಹೆಚ್ಚು ಸುಮ್ಮನಾದ ಜಾಗಗಳೆಷ್ಟು, ಒಟ್ಟು ಪದಗಳೆಷ್ಟು ಎಂದು ಎಣಿಸಿ. ಮೌನ ಕಡಿಮೆಯಾಗಿದ್ದರೆ ಕ್ರಮ ಕೆಲಸ ಮಾಡುತ್ತಿದೆ. ಪದ ಹೆಚ್ಚಿದರೂ ಮೌನ ಅಷ್ಟೇ ಇದ್ದರೆ ಗುರುವಾರದ ಮೂರು ಸುತ್ತುಗಳನ್ನು ಬರೆದುಕೊಂಡು ಓದುತ್ತಿದ್ದೀರಿ ಎಂದು ಬಹುಮಟ್ಟಿಗೆ ಹೇಳಬಹುದು. ಎರಡೂ ಬದಲಾಗದಿದ್ದರೆ ವಿಷಯಗಳು ಅಗಲವಾಗಿದ್ದಿರಬೇಕು, ಇಲ್ಲವೇ ಶನಿವಾರ ತಪ್ಪಿದ್ದಿರಬೇಕು.

ಶಿಫ್ಟ್ ಕೆಲಸ, ಮನೆಯ ಜವಾಬ್ದಾರಿಗಳ ನಡುವೆ ಕೆಲವು ವಾರ ಮೂವತ್ತೈದು ನಿಮಿಷ ಸಿಗುವುದಿಲ್ಲ. ಆಗ ಹನ್ನೆರಡು ನಿಮಿಷದ ದಿನ ಮಾಡಿ: ಬಸ್ಸಿನಲ್ಲಿ ಅದೇ ಆಡಿಯೊ ಎರಡು ಸಲ, ಟೀ ಹೊತ್ತಿನಲ್ಲಿ ಮೊದಲ ಗುಂಪಿನ ಕಾರ್ಡು, ಮಲಗುವ ಮುಂಚೆ ಒಂದು ನಿಮಿಷದ ಮಾತು. ವಿಷಯ ಮುಗಿಯದಿದ್ದರೆ ಅದನ್ನೇ ಇನ್ನೊಂದು ವಾರಕ್ಕೆ ಎಳೆಯಿರಿ, ಅರ್ಧಕ್ಕೆ ಬಿಟ್ಟು ಹೊಸದಕ್ಕೆ ಹಾರಬೇಡಿ. ಪೂರ್ತಿ ವಾರವೇ ತಪ್ಪಿಹೋದರೆ ಮರಳಿ ಬಂದ ಸೋಮವಾರ ಹೊಸ ಆಡಿಯೊ ತೆರೆಯದೆ ಹಳೆಯ ಕಾರ್ಡುಗಳಿಂದ ಶುರು ಮಾಡಿ. ಎರಡು ದಿನ ಅಷ್ಟೇ ಮಾಡಿದರೂ ಬುಧವಾರದ ಓದಿಗೆ ಸಿದ್ಧರಾಗಿರುತ್ತೀರಿ.